‘ಕನ್ನಡ’ಕ್ಕೆ ಎಷ್ಟು ಚೌಕ?

ಬೆಂಗಳೂರಿನಲ್ಲಿರುವ ನನ್ನ ಭಾಮೈದ ಕಳೆದ ವರ್ಷ ಫೋನಿನಲ್ಲಿ ಕೇಳಿದ: “ಭಾವ, ನಿಮ್ಮಲ್ಲಿ ಇನ್ನೂ ಎಐ ಟೂಲ್ ತರೋ ಮೀಟಿಂಗೇ ನಡೀತಿದೆಯಾ?” ಅವನ ತಂಡದಲ್ಲಿ ಆಗಲೇ ಕೆಲವರು ಕರ್ಸರ್, ಉಳಿದವರು ಕ್ಲಾಡ್ ಕೋಡ್ ಹಿಡಿದು ಕೂತಿದ್ದರು, ಎರಡೂ ಪ್ರೋಗ್ರಾಮ್‌ನ ಕೋಡ್ ಬರೆದುಕೊಡುವ ಎಐ ಟೂಲ್‌ಗಳು. ಮ್ಯೂನಿಕ್‌ನ ನಮ್ಮ ಕಚೇರಿಯಲ್ಲಿ 2021ರಲ್ಲೇ ಹೊರಬಂದ ಅಂಥದೇ ಟೂಲ್ ಗಿಟ್‌ಹಬ್ ಕೋಪೈಲಟ್‌ಗೂ ಒಪ್ಪಿಗೆ ಸಿಕ್ಕಿರಲಿಲ್ಲ.

ಜರ್ಮನಿಯ ಪದ್ಧತಿ ಬೇರೆ. ನೌಕರರು ತಾವೇ ಆರಿಸಿಕೊಂಡ ಮಂಡಳಿಯೊಂದು ಕಂಪನಿಯಲ್ಲಿ ಇರಬಹುದು, ಬೆಟ್ರೀಬ್ಸ್‌ರಾಟ್ ಅಂತ. ನೌಕರರ ನಡವಳಿಕೆಯನ್ನೋ ಕೆಲಸವನ್ನೋ ಗಮನಿಸಬಲ್ಲ ತಾಂತ್ರಿಕ ಸಾಧನ ತರುವುದಾದರೆ ಆ ಮಂಡಳಿ ಒಪ್ಪಬೇಕು, ಕಾನೂನೇ ಹಾಗಿದೆ. ಯಾರು ಎಷ್ಟು ಬಳಸಿದರು, ಎಷ್ಟು ಸಲಹೆ ಒಪ್ಪಿಕೊಂಡರು ಎಂದು ಲೆಕ್ಕ ಇಡಬಲ್ಲ ಟೂಲ್ ಬಂದಾಗ ಅವರು ಪ್ರಶ್ನೆ ಕೇಳದೇ ಬಿಡುವುದಿಲ್ಲ. ಜೊತೆಗೆ, ಕೋಡ್ ಯಾವ ದೇಶದ ಸರ್ವರ್‌ಗೆ ಹೋಗುತ್ತದೆ, ಎಐ ಮಾಡೆಲ್‌ನ ತರಬೇತಿಗೆ ಅದನ್ನು ಬಳಸುತ್ತಾರಾ ಎಂಬ ವಿಚಾರಣೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಈಗ ಇಲ್ಲ. ಗ್ರಾಹಕರ ಕೋಡನ್ನು ಯಾರನ್ನೂ ಕೇಳದೆ ಸ್ವಂತ ಖಾತೆಯ ಟೂಲ್‌ಗೆ ಸುರಿಯುವುದು ತಪ್ಪು. ನಮ್ಮ ಹುಡುಗರಿಗೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು.

ಆದರೆ ಇಲ್ಲಿ ತಿಂಗಳುಗಟ್ಟಲೆ ನಡೆದ ಚರ್ಚೆಯಲ್ಲಿ, ಬರುವ ಕೋಡ್ ಸರಿಯಿದೆಯಾ ಅಂತ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಕೇಳಿದ್ದು ಒಂದೇ, ಎಷ್ಟು ಫಾಸ್ಟ್? ಅದೂ ನಂಬುವಂಥ ಅಳತೆಯಲ್ಲ. 2025ರಲ್ಲಿ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ, ಅನುಭವಿಗಳಾದ 16 ಓಪನ್ ಸೋರ್ಸ್ ಡೆವಲಪರ್‌ಗಳಿಗೆ 246 ಕೆಲಸ ಕೊಟ್ಟು ನೋಡಿತು. ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು, ನಮಗೆ ಶೇ. 20ರಷ್ಟು ಬೇಗ ಆಯಿತು ಅಂತಲೇ ನಂಬಿದ್ದರು! ಅವು ಆಗಿನ ಟೂಲ್‌ಗಳು, ಕೋಡ್ ಅವರಿಗೆ ಮೊದಲೇ ಚೆನ್ನಾಗಿ ಗೊತ್ತಿತ್ತು, ಅದೆಲ್ಲ ನಿಜ. ಆದರೂ ನಮ್ಮ ಅನಿಸಿಕೆಯನ್ನು ನಾವೇ ನೆಚ್ಚಿಕೊಳ್ಳುವಂತಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂದು ಸಣ್ಣ ಕೆಲಸ. ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸಲು, ಚೌಕಕ್ಕೊಂದು ಅಕ್ಷರ ತುಂಬುವ ಪದದಾಟ ಮಾಡುತ್ತಿದ್ದೆ. ಒಂದು ಟೂಲ್‌ಗೆ ಹೇಳಿದೆ, ಕ್ಷಣದಲ್ಲಿ ಬರೆದುಕೊಟ್ಟಿತು. ‘ಕನ್ನಡ’ ಪದಕ್ಕೆ ಐದು ಚೌಕ ಬಂತು, ಅದರಲ್ಲಿ ಒಂದರೊಳಗೆ ಬರೀ ‘್’. ಕಂಪ್ಯೂಟರ್‌ಗಳು ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಆ ಪದ ಕ, ನ, ‘್’ ಚಿಹ್ನೆ, ನ, ಡ ಎಂದೇ ಇರುವುದು. ಬ್ರೌಸರ್‌ನಲ್ಲೇ ಇರುವ ಅಕ್ಷರ ವಿಂಗಡಣೆಯನ್ನು ಬಳಸು ಎಂದೆ, ನಾಲ್ಕು ಚೌಕವಾಯಿತು: ಕ, ನ್, ನ, ಡ. ಒತ್ತಕ್ಷರ ಒಡೆದೇ ಇತ್ತು. ನನಗೆ ನಿಜಕ್ಕೂ ಬೇಸರವಾಗಿದ್ದು ಬೇರೆಯದಕ್ಕೆ. ಮೊದಲ ಸಲವೇ ಅದು ತನ್ನ ಕೋಡ್ ಸರಿಯಿದೆಯಾ ಎಂದು ನೋಡುವ ಟೆಸ್ಟನ್ನು ತಾನೇ ಬರೆದುಕೊಂಡಿತ್ತು, ಸರಿ ಉತ್ತರ ಐದು ಅಂತ. ಎಲ್ಲ ಟೆಸ್ಟ್ ಪಾಸ್. ಕನ್ನಡ ಓದಲು ಬಾರದ ಸಹೋದ್ಯೋಗಿ ಆ ಹಸಿರು ಗುರುತು ನೋಡಿ ಒಪ್ಪಿಬಿಡುತ್ತಿದ್ದರು.

ಅಂದಿನಿಂದ ಟೂಲ್ ಆರಿಸುವಾಗ ಟೆಸ್ಟ್ ನಾನೇ ಬರೆಯುತ್ತೇನೆ. ಕನ್ನಡ 3 ಚೌಕ, ರಾಷ್ಟ್ರ 2, ಸ್ತ್ರೀ 1. ಅದನ್ನು ಕೊಟ್ಟು ಮೂರು ಟೂಲ್‌ಗಳಿಗೆ ಒಂದೇ ಕೆಲಸ ಹೇಳಿದೆ. ಒಂದು ಇನ್ನೂರು ಸಾಲು ಬದಲಿಸಿತು, ಓದಲು ನನ್ನಿಂದಾಗಲಿಲ್ಲ. ಇನ್ನೊಂದು ಲೆಕ್ಕವನ್ನೇ ಹಾಕದೆ ಆ ಮೂರು ಪದಗಳಿಗೆ ಮಾತ್ರ ಸಿದ್ಧ ಉತ್ತರ ತುಂಬಿತು. ಮೂರನೆಯದು ಮೊದಲು ಏನು ಮಾಡುತ್ತೇನೆಂದು ಹೇಳಿ, ಹತ್ತು ಹನ್ನೆರಡು ಸಾಲಿನಲ್ಲಿ ಮುಗಿಸಿತು. ಒಂದೊಂದು ಸಾಲೂ ನನಗೆ ಅರ್ಥವಾಯಿತು. ಅದನ್ನೇ ಇಟ್ಟುಕೊಂಡೆ, ಅದು ಮೂರರಲ್ಲಿ ಎಲ್ಲಕ್ಕಿಂತ ನಿಧಾನವಾಗಿದ್ದರೂ. ನಾಳೆ ಬಗ್ ಬಂದಾಗ ಉತ್ತರ ಹೇಳಬೇಕಾದವನು ನಾನು.

ಪದಪಟ್ಟಿಯನ್ನು ಭಾಮೈದನಿಗೂ ಕಳಿಸಿದೆ. ಮರುದಿನ ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು, ‘ರಾಷ್ಟ್ರ’ ಏಳು ಚೌಕದಲ್ಲಿ ಹರಡಿಕೊಂಡಿತ್ತು. ಕೆಳಗೆ ಬರೆದಿದ್ದ: “ಭಾವ, ನಿಮ್ಮ ಪಟ್ಟಿಗೆ ಇನ್ನೂ ಹತ್ತು ಪದ ಸೇರಿಸಿದ್ದೀನಿ. ಸೋಮವಾರ ಟೀಮ್‌ನವರಿಗೂ ತೋರಿಸ್ತೀನಿ.”