ವಸ್ತಾದರ ಪಾರಿವಾಳ

ನಮ್ಮ ಬೀದಿಯ ಗರಡಿ ಮನೆ ವಸ್ತಾದರನ್ನು ಚಿಕ್ಕಂದಿನಲ್ಲಿ ನಾನು ಮಟ್ಟಿಯಲ್ಲಿ ಕಂಡದ್ದಕ್ಕಿಂತ ತಾರಸಿಯ ಮೇಲೆ ಕಂಡದ್ದೇ ಹೆಚ್ಚು. ಬೆಳಗ್ಗೆ ಕೆಮ್ಮಣ್ಣಿನಲ್ಲಿ ನಾಲ್ಕು ಹುಡುಗರನ್ನು ಎತ್ತಿ ಕೆಡವಿದವರು, ಮೈ ತೊಳೆದು ಪಂಚೆ ಸುತ್ತಿಕೊಂಡು ಸೀದಾ ಏಣಿ ಹತ್ತುತ್ತಿದ್ದರು. ಅಲ್ಲಿ ಮರದ ಗೂಡುಗಳ ತುಂಬ ಪಾರಿವಾಳ. ಅವರು ಒಂದನ್ನು ಹಿಡಿಯುವುದನ್ನು ನೋಡಬೇಕು: ಕಾಲೆರಡನ್ನೂ ತೋರುಬೆರಳು, ನಡುಬೆರಳಿನ ಸಂದಿಗೆ ಸಿಕ್ಕಿಸಿ, ಹೆಬ್ಬೆರಳನ್ನು ರೆಕ್ಕೆಯ ಮೇಲೆ ಇಟ್ಟೂ ಇಡದ ಹಾಗೆ ಇಡುತ್ತಿದ್ದರು. ಒಮ್ಮೆ ಪಟ್ಟು ಹಾಕಿದರೆ ಯಾರೂ ಬಿಡಿಸಿಕೊಳ್ಳಲಾಗದ ಕೈಯೊಳಗೆ ಹಕ್ಕಿ ಅರೆಗಣ್ಣು ಮುಚ್ಚಿ ಕೂರುತ್ತಿತ್ತು.

“ಇದ್ರಿಂದ ಕುಸ್ತಿಗೇನಾದ್ರೂ ಉಪಯೋಗ ಇದೆಯಾ ಮಾವ?” ಎಂದು ಕೇಳಿದ್ದೆ.

“ಹಕ್ಕಿ ಸಾಕೋಕೂ ಉಪಯೋಗ ಬೇಕೇನೋ? ಆ ಜೋಳದ ಡಬ್ಬ ಕೊಡು ಇಲ್ಲಿ.”

ಈಗ ಕಪ್ಪು ಬೆಲ್ಟಿನವರನ್ನು ಮಾತಾಡಿಸಿದರೆ ಹಾಗಲ್ಲ. ತೋಟ ಮಾಡಿದರೂ ಏಕಾಗ್ರತೆಗೆ, ಕೊಳಲೂದಿದರೂ ಉಸಿರಿನ ಹಿಡಿತಕ್ಕೆ! ಪಾಪದ ಹವ್ಯಾಸವನ್ನೂ ತಾಲೀಮಿನ ಹಾಜರಿ ಪುಸ್ತಕಕ್ಕೆ ಸೇರಿಸುವ ಈ ಚಾಳಿ ನನಗೆ ಒಗ್ಗುವುದಿಲ್ಲ. ಬ್ರೂಸ್ ಲೀ 1958ರಲ್ಲಿ ಹಾಂಗ್‌ಕಾಂಗಿನಲ್ಲಿ ಚಾ-ಚಾ ಕುಣಿತದ ಪಂದ್ಯ ಗೆದ್ದಿದ್ದ. ಹದಿಹರೆಯದ ಹುಡುಗ ಖುಷಿಗೆ ಕುಣಿದ ಎಂದುಕೊಂಡರೆ ನಮ್ಮ ಗಂಟೇನು ಹೋಗುತ್ತದೆ? ಜಪಾನಿನ ಕತ್ತಿವರಸೆಗಾರ ಮಿಯಾಮೊಟೊ ಮುಸಾಶಿಯ ಮಸಿಚಿತ್ರವೊಂದಿದೆ. ಒಣಕೊಂಬೆಯ ತುದಿಯಲ್ಲಿ ಕಳಿಂಗ ಹಕ್ಕಿ, ಅರ್ಧ ದಾರಿಯಲ್ಲಿ ಮೇಲಕ್ಕೆ ತೆವಳುತ್ತಿರುವ ಹುಳ. ಕೊಂಬೆ ನೋಡಿ ಕತ್ತಿಯ ಏಟನ್ನು ನೆನೆಯುವವರುಂಟು. ನನಗಂತೂ ಹುಳದ್ದೇ ಚಿಂತೆ.

ಮಗಳ ಕರಾಟೆ ಅಂಗಿಯ ಎದೆ ಮೇಲೆ ‘ಶೋಟೊಕಾನ್’ ಎಂದು ಬರೆದಿದೆ. ಒದೆತದ ಯಾವುದೋ ಭಯಂಕರ ಹೆಸರಿರಬೇಕು ಎಂದುಕೊಂಡಿದ್ದೆ. ಅಲ್ಲ. ಒಕಿನಾವಾ ದ್ವೀಪದ ಶುರಿಯಲ್ಲಿ 1868ರಲ್ಲಿ ಹುಟ್ಟಿದ ಕರಾಟೆ ಗುರು ಗಿಚಿನ್ ಫುನಾಕೋಶಿ ವೃತ್ತಿಯಿಂದ ಶಾಲೆ ಮೇಷ್ಟ್ರು. ಅಭ್ಯಾಸ ಮುಗಿಸಿ ಪೈನ್ ಮರಗಳ ಗುಡ್ಡದಲ್ಲಿ ಒಬ್ಬರೇ ಅಡ್ಡಾಡುತ್ತಿದ್ದರು, ಪದ್ಯ ಬರೆಯುತ್ತಿದ್ದರು. ಆ ಮರಗಳಲ್ಲಿ ಗಾಳಿ ಬೀಸಿದಾಗ ಅಲೆಯಂಥ ಸದ್ದು ಏಳುತ್ತದಲ್ಲ, ಅದೇ ‘ಶೋಟೊ’. ಅದನ್ನೇ ಕಾವ್ಯನಾಮ ಮಾಡಿಕೊಂಡರು. ಮುಂದೆ ಟೋಕಿಯೋದಲ್ಲಿ ತಾಲೀಮು ಮನೆ ಕಟ್ಟಿದಾಗ ಶಿಷ್ಯರು ಬಾಗಿಲ ಮೇಲೆ ಬರೆಸಿದ್ದು ಆ ಹೆಸರನ್ನೇ. ‘ಕಾನ್’ ಅಂದರೆ ಮನೆ. ಆ ಮನೆಯ ಹೆಸರೇ ಅವರ ಕರಾಟೆ ಪದ್ಧತಿಗೂ ನಿಂತಿತು. ನಮ್ಮ ಬಡಾವಣೆಯ ಕಲ್ಯಾಣ ಮಂಟಪದಲ್ಲಿ ವಾರಕ್ಕೆ ಮೂರು ಸಂಜೆ ಅಷ್ಟೊಂದು ಮಕ್ಕಳು ಕಿರುಚಿ ಒದೆಯುವುದು ಒಬ್ಬ ಕವಿಯ ಅಂಕಿತ ಹೊತ್ತುಕೊಂಡು!

ಮಗಳಿಗೆ ಹೇಳಿದೆ. “ಹಾಗಾದ್ರೆ ನಮ್ಮ ಮಾಸ್ಟ್ರೂ ಪದ್ಯ ಬರೀತಾರಾ ಅಪ್ಪ?” ಎಂದಳು.

“ನೀನೇ ಕೇಳು.”

ಕೇಳಿಯೇಬಿಟ್ಟಿದ್ದಾಳೆ. ಪದ್ಯಗಿದ್ಯ ಎಲ್ಲ ಬರೋಲ್ಲಮ್ಮ ಎಂದ ಮಾಸ್ಟರು ಸುತ್ತಮುತ್ತ ನೋಡಿ, ಮೊಬೈಲ್ ತೆಗೆದು, ಮನೆಯ ಅಕ್ವೇರಿಯಂನ ಫೋಟೋ ತೋರಿಸಿದರಂತೆ. ಪ್ರತಿ ಮೀನಿಗೂ ಹೆಸರಿದೆಯಂತೆ. ಅವತ್ತು ಕ್ಲಾಸು ಶುರುವಾದದ್ದು ಇಪ್ಪತ್ತು ನಿಮಿಷ ತಡವಾಗಿ.