ಇಂಟರ್‌ಲಾಕ್ ಕೊಯ್ಯಲು ಯಾವ ಯಂತ್ರ?

ಬದಿಯಡ್ಕದ ಸುತ್ತಮುತ್ತ ಅಡಿಕೆ ಹರಡುತ್ತಿದ್ದ ಮಣ್ಣಿನ ಅಂಗಳಗಳೆಲ್ಲ ಒಂದೊಂದಾಗಿ ಇಂಟರ್‌ಲಾಕ್ (ಒಂದಕ್ಕೊಂದು ಕೂರುವ ಕಾಂಕ್ರೀಟ್ ಹಾಸುಕಲ್ಲು) ಆಗುತ್ತಿವೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೂ ಅದೇ ಕೆಲಸ ನಡೆದಾಗ, ತುಳಸಿಕಟ್ಟೆಯ ಸುತ್ತಿನ ತಿರುವಿಗೆ ಕಲ್ಲು ಕೊಯ್ಯಲೆಂದು ಅಂಗಡಿಯವರ ಮಾತು ನಂಬಿ ನಾಲ್ಕಿಂಚಿನ ಬ್ಲೇಡು ತಿರುಗಿಸಿ ಕೊಯ್ಯುವ ಕೈಯಂತ್ರ, ಅಂದರೆ ಗ್ರೈಂಡರ್, ತಂದೆ. ಕಲ್ಲಿನ ದಪ್ಪ 60 ಮಿಲಿಮೀಟರ್. ಆ ಬ್ಲೇಡು ಇಳಿಯುವುದು 30ಕ್ಕೂ ಕಡಿಮೆ. ಮಗುಚಿ ಹಾಕಿ ಎರಡೂ ಕಡೆಯಿಂದ ಕೊಯ್ದರೂ ನಡುವೆ ಒಂದು ಏಣು ಉಳಿಯುತ್ತಿತ್ತು, ಅದನ್ನು ಉಳಿಯಿಂದ ತಟ್ಟಿದರೆ ಮೂಲೆಯೇ ಹಾರಿಹೋಗುತ್ತಿತ್ತು. ಮೊದಲ ದಿನ ಹನ್ನೊಂದು ಕಲ್ಲು ದಂಡ.

ಆದ್ದರಿಂದ ಎಷ್ಟು ವಾಟಿನ ಯಂತ್ರ, ಬೆಲೆ ಎಷ್ಟು ಎಂದು ಕೇಳುವ ಮೊದಲು ಬ್ಲೇಡು ಎಷ್ಟು ಆಳಕ್ಕೆ ಇಳಿಯುತ್ತದೆಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಒಂಬತ್ತಿಂಚಿನ ಗ್ರೈಂಡರ್ 60ರ ಕಲ್ಲನ್ನು ಒಂದೇ ಕಡೆಯಿಂದ ದಾಟುತ್ತದೆ. ವಾಹನ ಓಡಾಡುವಲ್ಲಿ ಹಾಸುವ 80ರ ಕಲ್ಲಿಗೆ 12 ಅಥವಾ 14 ಇಂಚಿನ ಪೆಟ್ರೋಲ್ ಯಂತ್ರವೇ ಬೇಕು, ಅದನ್ನು ಕೊಳ್ಳುವುದಕ್ಕಿಂತ ಎರಡು ದಿನಕ್ಕೆ ಬಾಡಿಗೆಗೆ ತರುವುದು ಲೇಸು. ಕವಚ ಬಿಚ್ಚಿ ಸಣ್ಣ ಗ್ರೈಂಡರಿಗೆ ಏಳಿಂಚಿನ ಬ್ಲೇಡು ಸಿಕ್ಕಿಸುವವರನ್ನೂ ಕಂಡಿದ್ದೇನೆ. ಆ ಬ್ಲೇಡು ತಾಳುವುದು ನಿಮಿಷಕ್ಕೆ ಸುಮಾರು 8,500 ಸುತ್ತು, ಯಂತ್ರ ತಿರುಗಿಸುವುದು 11,000. ಮುಂದಿನದನ್ನು ಬರೆಯಲು ಮನಸ್ಸಾಗುವುದಿಲ್ಲ.

ಬ್ಲೇಡಿನ ಲೆಕ್ಕಾಚಾರ ಇನ್ನೂ ವಿಚಿತ್ರ. ಅಂಚಿನಲ್ಲಿರುವ ವಜ್ರದ ಹರಳುಗಳನ್ನು ಹಿಡಿದಿರುವ ಲೋಹ ಸವೆದರಷ್ಟೇ ಹೊಸ ಹರಳು ಮೇಲೆ ಬರುತ್ತದೆ. ಗ್ರಾನೈಟ್ ಗಟ್ಟಿಯಾದರೂ ಲೋಹವನ್ನು ಬೇಗ ಸವೆಸುವುದಿಲ್ಲವಾದ್ದರಿಂದ ಅದಕ್ಕೆ ಮೆದು ಲೋಹದ ಬ್ಲೇಡು ಬೇಕು. ಮರಳು ಮರಳಾದ ಕಾಂಕ್ರೀಟ್ ಲೋಹವನ್ನು ಉಜ್ಜಿ ತಿನ್ನುವುದರಿಂದ ಅದಕ್ಕೆ ಗಟ್ಟಿ ಲೋಹದ್ದು. ಅದಲುಬದಲಾದರೆ ಒಂದು ಬೇಗ ಸವೆದುಹೋಗುತ್ತದೆ, ಇನ್ನೊಂದು ಮೊಂಡಾಗಿ ಕಲ್ಲಿನ ಮೇಲೆ ಸುಮ್ಮನೆ ಜಾರುತ್ತದೆ.

ಮುರಕಲ್ಲಿನ (ಜಂಬಿಟ್ಟಿಗೆಯ) ಮಾತೇ ಬೇರೆ. ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನಿಂದ ಬೇಕಲ ಕೋಟೆಯೇ ಎದ್ದಿದೆ. ಮೆಟ್ಟಿಲಿಗೆ ಅರ್ಧ ಕಲ್ಲು ಬೇಕಾಗಿ ನಾನು ಗ್ರೈಂಡರ್ ಎತ್ತಿದಾಗ ಮೇಸ್ತ್ರಿ, “ಮಾಷ್ಟ್ರೇ, ಇದಕ್ಕೆ ಕರೆಂಟ್ ಯಾಕೆ?” ಎಂದು ನಕ್ಕು, ಕೊಡಲಿಯ ನಾಲ್ಕು ಏಟಿಗೆ ಬಿಡಿಸಿಕೊಟ್ಟರು.

ಕಾಂಕ್ರೀಟ್ ಮತ್ತು ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ನೆಲೆಯಾಗಿ ಸಿಲಿಕೋಸಿಸ್ ತರುತ್ತದೆ, ಮುಖಕ್ಕೆ ಕಟ್ಟಿದ ಬೈರಾಸಿನಿಂದ ಅದು ನಿಲ್ಲುವುದಿಲ್ಲ. ಧೂಳು ಏಳದಂತೆ ಪೆಟ್ರೋಲ್ ಯಂತ್ರಕ್ಕೆ ನೀರಿನ ಪೈಪು ಜೋಡಿಸಬಹುದು. ಕರೆಂಟಿನ ಗ್ರೈಂಡರಿಗೆ ನೀರು ಸುರಿಯುವ ಸಾಹಸ ಮಾತ್ರ ಬೇಡ. ಕೊನೆಗೆ ಬಾಡಿಗೆ ಯಂತ್ರದಿಂದಲೇ ನಮ್ಮ ಕೆಲಸ ಮುಗಿಯಿತು. ಕೊಯ್ದ ಕೆಸರನ್ನು ಆಗಲೇ ತೊಳೆಯಬೇಕೆಂದು ಗೊತ್ತಿರಲಿಲ್ಲ. ತುಳಸಿಕಟ್ಟೆಯ ಪೂರ್ವಕ್ಕೆ ಆ ಬಿಳಿ ಕಲೆ ಈ ಮಳೆಗಾಲಕ್ಕೂ ಹೋಗಿಲ್ಲ.