ಇಂಜಿನ್ನಿಗೆ ಡ್ರಮ್ ಸ್ನಾನ

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಗಂಗೊಳ್ಳಿ ಕಡೆಯ ಮೆಕ್ಯಾನಿಕ್‌ಗಳಿಗೆ ಮಾತ್ರ ಅದೇ ಸುಗ್ಗಿ. ನಮ್ಮ ನಾಡದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಆ ಸಾಲಿನಲ್ಲಿ ಒಂದು ತಿಂಗಳು ಕಾದು, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿಕೊಂಡು, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಿಕೊಂಡು ರಿಕ್ಷಾದಲ್ಲಿ ಮನೆಗೆ ಬಂತು. ಬಾಣಂತಿಯ ಹಾಗೆ, ನೂರೆಂಟು ಪಥ್ಯದ ಸಮೇತ.

ಮೊದಲ ಪಥ್ಯ ಎಣ್ಣೆಯದ್ದು. ಮಾಮೂಲಿಯಾಗಿ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. ಹೊಸ ರಿಂಗ್ ಕೂರುವ ತನಕ 25ಕ್ಕೆ 1. ಐದು ಲೀಟರಿಗೆ 200 ಎಂಎಲ್ ಆಯಿತಲ್ಲ. ಅಳೆಯಲು ಅಟ್ಟದ ಮೇಲೆ ಮಗುವಿನ ಹಾಲಿನ ಬಾಟಲಿ ಸಿಕ್ಕಿತು. ಹಳೆಯದು ಅಂದುಕೊಂಡೆ. ಹಳೆಯದಲ್ಲ, ನಾದಿನಿ ತೊಳೆದು ಒಣಗಲು ಇಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.

ಎರಡನೆಯದು ನೀರು. ಇಂಜಿನ್ನನ್ನು ತಂಪು ಮಾಡುವ ನೀರನ್ನು ಎಳೆಯುವುದು ಇಂಪೆಲ್ಲರ್ ಅನ್ನುವ ಒಂದು ರಬ್ಬರ್ ಚಕ್ರ. ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಹಾಳು. ಅದಕ್ಕೆ ಅಂಗಳದಲ್ಲಿ 200 ಲೀಟರಿನ ಡ್ರಮ್ ಇಟ್ಟು, ಹಲಗೆಗೆ ಇಂಜಿನ್ ಬಿಗಿದು, ಅದರ ಕಾಲು, ಅಂದರೆ ಕೆಳಭಾಗ, ನೀರಿಗೆ ಇಳಿಸಿದೆವು. ನೀರು ಬಾವಿಯಿಂದ ಸೇದಿದ್ದು. ಎಷ್ಟು ಕೊಡ ಅಂತ ನನ್ನ ಸೊಂಟವನ್ನು ಕೇಳಿ.

ಪ್ಲಗ್ ತೆಗೆದು ಎರಡು ಹನಿ ಎಣ್ಣೆ ಬಿಟ್ಟು, ಹಗ್ಗ ನಿಧಾನ ಎಳೆದು ಸಿಲಿಂಡರ್ ಪೂರ್ತಿ ಸವರಿಸಿದೆ. ಪ್ಲಗ್ ವಾಪಸ್ ಹಾಕಿದೆ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿದೆ. ಪೈಪಿನ ರಬ್ಬರ್ ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿದೆ. ಚೋಕ್ ಎಳೆದೆ. ಸ್ವಿಚ್ಚಿನ ಕೆಂಪು ಕ್ಲಿಪ್ ಸಿಕ್ಕಿಸಿ, ಅದರ ಸುರುಳಿ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡೆ. ಮನುಷ್ಯ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಇಂಜಿನ್ ನಿಲ್ಲಬೇಕು, ಅದಕ್ಕೇ ಆ ದಾರ. ಡ್ರಮ್ಮಿಗೆ ಯಾರೂ ಬೀಳುವುದಿಲ್ಲ, ನಿಜ. ಆದರೂ ಶಿಸ್ತು ಶಿಸ್ತೇ ಅಲ್ವಾ?

ಹಗ್ಗ ಎಳೆದೆ. ಇಲ್ಲ. ಹತ್ತು ಸಲ ಎಳೆದೆ. ಇಲ್ಲ. ಅಷ್ಟರಲ್ಲಿ ಬೇಲಿಯಾಚೆ ಸಲಹಾ ಸಮಿತಿ ಸೇರಿತ್ತು.

"ಹ್ವಾಯ್, ಪೆಟ್ರೋಲ್ ಜಾಸ್ತಿ ಕುಡ್ದಿತ್, ಸ್ವಲ್ಪ ಹೊತ್ ಬಿಡಿ," ಅಂದರು ಒಬ್ಬ ಅಜ್ಜ. ಬಿಟ್ಟೆವು. ಚಾ ಕುಡಿದೆವು. ಮತ್ತೆ ಎಳೆದೆವು. ಬಾವ ಪ್ಲಗ್ ಬಿಚ್ಚಿ ನೋಡಿದ. ಒದ್ದೆ, ಆದರೆ ಕಿಡಿ ಇಲ್ಲ. "ಕಾಯಿಲ್ ಹೋಯ್ತು ಮರ್ರೆ!" ಅಂತ ತೀರ್ಪು ಕೊಟ್ಟು ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ. ಅವರು ಎತ್ತಲಿಲ್ಲ. ಎತ್ತದ ಫೋನಿಗೇ ಬಾವ ಚೆನ್ನಾಗಿ ಬೈದ. ನಾನೂ ಎರಡು ಮಾತು ಸೇರಿಸಿದೆ.

ಆಗ ತಂಗಿಯ ಮಗಳು ಪೇರಳೆ ಕಚ್ಚುತ್ತಾ ಹತ್ತಿರ ಬಂದಳು.

"ಮಾವ, ಕೈಗೆ ಎಂತ ಕಟ್ಕಂಡದ್? ಕೊಲ್ಲೂರ್ ದಾರವಾ?"

ನೋಡಿದೆ. ಮಣಿಕಟ್ಟಿನಲ್ಲಿ ಕೆಂಪು ದಾರ. ದಾರದ ತುದಿಯಲ್ಲಿ ಕ್ಲಿಪ್. ಮೊದಲ ಸಲ ಹಗ್ಗವನ್ನು ಜೋರಾಗಿ ಎಳೆದಾಗಲೇ ನನ್ನ ಕೈಯ ಜತೆ ಅದೂ ಕಿತ್ತು ಬಂದಿತ್ತು. ಕ್ಲಿಪ್ ಇಲ್ಲದಿದ್ದರೆ ಕಿಡಿ ಎಲ್ಲಿಂದ ಬರಬೇಕು? ಮುಕ್ಕಾಲು ಗಂಟೆ ಅದು ನನ್ನ ಕೈಯಲ್ಲೇ ನೇತಾಡುತ್ತಿತ್ತು. ಸಮಿತಿಯಲ್ಲಿ ಅರ್ಧ ಜನ ಅದನ್ನು ಹರಕೆಯ ದಾರ ಅಂದುಕೊಂಡಿದ್ದರಂತೆ.

ಏನೂ ಮಾತಾಡದೆ ಕ್ಲಿಪ್ ಸಿಕ್ಕಿಸಿದೆ. ಈ ಸಲ ಎಡಗೈಯಲ್ಲಿ ಎಳೆದೆ. ಎರಡನೇ ಎಳೆತಕ್ಕೇ ಡ್ರಮ್ಮು ನಡುಗಿತು. ಡಬಲ್ ಎಣ್ಣೆಯ ಹೊಗೆ ಅಂಗಳ ತುಂಬಿ, ಒಣಗಲು ಹಾಕಿದ್ದ ಸೀರೆಗಳ ನಡುವೆ ನುಗ್ಗಿ, ಸಲಹಾ ಸಮಿತಿಯನ್ನು ಕೆಮ್ಮಿಸಿ ಓಡಿಸಿತು. ಎಲ್ಲರ ಕಣ್ಣೂ ಇಂಜಿನ್ನಿನ ಹಿಂದಿನ ಸಣ್ಣ ತೂತಿನ ಮೇಲೆ. ನೀರು ಬಂದರೆ ಇಂಪೆಲ್ಲರ್ ಸರಿ ಇದೆ ಅಂತ ಲೆಕ್ಕ. ಮೊದಲು ಒಂದು ಹನಿ. ಆಮೇಲೆ ಕೂಸು ಉಚ್ಚೆ ಹೊಯ್ದ ಹಾಗೆ ಸಣ್ಣ ಧಾರೆ, ನೇರ ಬಾವನ ಪಂಚೆಗೆ.

"ಬಂತು! ಬಂತು ನೋಡೇ!" ಅಂತ ಹೆಂಡತಿಯನ್ನು ಕರೆಯಲು ಖುಷಿಯಲ್ಲಿ ಅಡುಗೆಮನೆಯತ್ತ ನಾಲ್ಕು ಹೆಜ್ಜೆ ಓಡಿದೆ.

ಇಂಜಿನ್ ನಿಂತಿತು.